ಶಿವದಾರದ ಗಂಟು

ಅವ್ವನ ಕಣ್ಣಿನ ಆಪರೇಷನ್‌ಗೆ ಇನ್ನೂ ಒಂದು ವಾರ ಇತ್ತು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೊದಲು ಬಲಗಣ್ಣು, ಅದು ವಾಸಿಯಾದ ಮೇಲೆ ಎಡಗಣ್ಣು ಎಂದು ಜಯನಗರದ ಡಾಕ್ಟರು ಹೇಳಿದ್ದರು. ಮಲಪ್ರಭೆಯ ದಂಡೆಯ ನಮ್ಮ ಊರಿನಿಂದ ಅವಳನ್ನು ಬಿಟಿಎಂ ಲೇಔಟ್‌ನ ನನ್ನ ಬಾಡಿಗೆ ಕೋಣೆಗೆ ಕರೆತಂದಿದ್ದೆ. ನಾನು ಆಗ ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ ಕಾರ್ಖಾನೆಯ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಹಗಲೆಲ್ಲ ಅವ್ವ ಕೋಣೆಯಲ್ಲಿ ಒಬ್ಬಳೇ. ಕಿಟಕಿ ತೆರೆದರೆ ಎದುರಿನ ಕಟ್ಟಡದ ಗೋಡೆ. ಒಂದು ಸಂಜೆ ಅವಳು ಹೇಳಿದಳು: "ಕಣ್ಣು ಕಟ್ಟೂದ್ರೊಳಗ ಏನರ ತೋರಸು ಮಗಳ. ಒಂದು ಹೊಳಿ ತೋರಸಿದ್ರೂ ಸಾಕು."

ಬೆಂಗಳೂರಿನಲ್ಲಿ ಹೊಳೆಯನ್ನು ಎಲ್ಲಿಂದ ತರುವುದು? ಲಾಲ್‌ಬಾಗಿನ ಕೆರೆ ತೋರಿಸಿದ್ದೆ. ಅದನ್ನು ನೋಡಿ ಅವಳು, ಇದು ನಿಂತ ನೀರು, ಹೊಳೆ ಅಲ್ಲ ಎಂದಿದ್ದಳು. ಅದೇ ವಾರ ಪತ್ರಿಕೆಯ ಒಂದು ಮೂಲೆಯಲ್ಲಿ ಒಂದು ಮನೆಯ ಬಗ್ಗೆ ಓದಿದೆ. ಹೊಸಕೆರೆಹಳ್ಳಿಯಿಂದ ಆಚೆ, ಇಳಿಜಾರಿನ ಮೇಲೆ, ಯಾರೋ ಒಬ್ಬರು ಜೀವಮಾನವೆಲ್ಲ ಕಾಡಿನ ಜನರ ಮರದ ಶಿಲ್ಪಗಳನ್ನು ಕೂಡಿಹಾಕಿ ತಮ್ಮ ಮನೆಯನ್ನೇ ಸಂಗ್ರಹಾಲಯ ಮಾಡಿದ್ದಾರಂತೆ, ಮಹಡಿಯ ಕಿಟಕಿಯಿಂದ ವೃಷಭಾವತಿ ಕಾಣುತ್ತದಂತೆ. ಆ ನದಿ ಬಸವನಗುಡಿಯ ಬಸವಣ್ಣನ ಪಾದದಲ್ಲಿ ಹುಟ್ಟುತ್ತದೆ ಎಂದು ಜನ ಹೇಳುತ್ತಾರೆ ಎಂದು ನಾನು ಓದಿ ಹೇಳಿದಾಗ ಅವ್ವ ಎದ್ದು ಕುಳಿತಳು. ಈಗ ಅದು ಊರಿನ ಕೊಳಚೆ ಹೊತ್ತು ಹರಿಯುವ ಮೋರಿ ಎಂಬುದನ್ನು ನಾನು ಹೇಳಲಿಲ್ಲ.

ಮುಂದೆ ನಡೆದದ್ದು ಅರ್ಥವಾಗಬೇಕಾದರೆ ಎರಡು ಸಂಗತಿ ಮೊದಲೇ ಹೇಳಬೇಕು.

ಒಂದು, ಅವ್ವನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಇನ್ಸುಲಿನ್ ಸೂಜಿಯನ್ನು ನಾನೇ ಕೊಡುತ್ತಿದ್ದೆ. ಸೂಜಿ ಕೊಟ್ಟ ಮೇಲೆ ಬೆಳಗಿನ ತಿಂಡಿಯಾಗಲಿ ಮಧ್ಯಾಹ್ನದ ಊಟವಾಗಲಿ ತಪ್ಪಬಾರದು, ತಪ್ಪಿದರೆ ಸಕ್ಕರೆ ಒಮ್ಮೆಲೇ ಇಳಿದು ಪ್ರಜ್ಞೆ ಹೋಗಬಹುದು, ಅಲ್ಲಿಂದ ವಾಪಸು ಬರದೆಯೂ ಇರಬಹುದು ಎಂದು ಡಾಕ್ಟರು ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದರು.

ಎರಡು, ಅವ್ವನ ಕೊರಳಿನ ಲಿಂಗ. ಬೆಳ್ಳಿಯ ಪುಟ್ಟ ಕರಡಿಗೆಯೊಳಗೆ ಅವಳ ಇಷ್ಟಲಿಂಗ ಇರುತ್ತಿತ್ತು. ಕರಡಿಗೆಗೆ ಬಿಳಿ ನೂಲಿನ ಶಿವದಾರ. ದಿನವೂ ಮಿಂದು, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸಿ, ಆಮೇಲೆಯೇ ಅವಳ ಬಾಯಿಗೆ ನೀರು. ಆ ಲಿಂಗ ಮೈಯಿಂದ ಅಗಲಿದರೆ, ಅದು ತಿರುಗಿ ಸಿಗುವ ತನಕ ಅನ್ನವಿಲ್ಲ, ನೀರೂ ಇಲ್ಲ. ಇದು ಅವಳು ಹುಡುಗಿಯಾಗಿದ್ದಾಗ ಊರಿನ ಮಠದ ಅಯ್ಯನವರು ಕಟ್ಟಿದ ಲಿಂಗ, ಅವರು ಹೇಳಿದ ಮಾತು. ನಮ್ಮ ಪೈಕಿ ಹಲವರು ಈಗ ಇದನ್ನು ಇಷ್ಟು ಬಿಗಿಯಾಗಿ ನಡೆಸುವುದಿಲ್ಲ. ನಾನೂ ನಡೆಸುತ್ತಿರಲಿಲ್ಲ. ಅವ್ವ ನಡೆಸುತ್ತಿದ್ದಳು.

ಆ ಭಾನುವಾರಕ್ಕೆ ಎರಡು ದಿನ ಮೊದಲು ಆಪರೇಷನ್‌ಗೆ ಬೇಕಾದ ಪರೀಕ್ಷೆಗಳಿದ್ದವು. ಎದೆಗೆ ತಂತಿ ಹಚ್ಚುವ ಮೊದಲು ನರ್ಸು ಕೊರಳಲ್ಲಿರುವುದನ್ನು ತೆಗೆಯಿರಿ ಅಂದಳು. ಅವ್ವ ಕತ್ತಿನ ಹಿಂದೆ ಕೈ ಹಾಕಿ ಶಿವದಾರ ಬಿಚ್ಚಿ, ಕರಡಿಗೆಯನ್ನು ಮುಷ್ಟಿಯೊಳಗೆ ಹಿಡಿದುಕೊಂಡೇ ಮಲಗಿದಳು. ಎದ್ದ ಮೇಲೆ ತಾನೇ ಕಟ್ಟಿಕೊಂಡಳು. ನಾನು ಕಟ್ಟುತ್ತೇನೆ ಅಂದದ್ದಕ್ಕೆ, ಇನ್ನೊಬ್ಬರು ಮುಟ್ಟಬಾರದು ಅಂದಳು. ಪೊರೆ ಬಂದ ಕಣ್ಣು, ಕತ್ತಿನ ಹಿಂದೆ ಕೈ. ಆ ಗಂಟನ್ನು ನಾನು ನೋಡಿದ್ದೆ. ಒಂದು ತುದಿ ತೀರ ಚಿಕ್ಕದಾಗಿ ಉಳಿದಿತ್ತು.

*

ಡಿಸೆಂಬರಿನ ಚಳಿ. ಅವ್ವನ ಪೂಜೆ, ಸೂಜಿ, ತಿಂಡಿ ಮುಗಿಸಿ ಹೊರಟೆವು. ಬನಶಂಕರಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ಆಮೇಲೆ ಆಟೋ. ಆಟೋದವನಿಗೆ ಮ್ಯೂಸಿಯಂ ಗೊತ್ತಿರಲಿಲ್ಲ. "ದೆವ್ವದ ಬೊಂಬೆ ಮನೇನಾ?" ಎಂದು ಕೇಳಿದ. ಅವ್ವ ನನ್ನ ಮುಖ ನೋಡಿದಳು.

ಮನೆ ಎರಡಂತಸ್ತಿನದು. ಗೇಟಿನ ಬಳಿ ಮಂಕಿ ಕ್ಯಾಪ್ ಹಾಕಿಕೊಂಡ, ಅರವತ್ತು ದಾಟಿದ ಮೇಲ್ವಿಚಾರಕರು ಒಬ್ಬರು ಕುರ್ಚಿ ಹಾಕಿಕೊಂಡು ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಿದ್ದರು. ಯಜಮಾನರು ಊರಲ್ಲಿಲ್ಲ, ನೋಡಿಕೊಂಡು ಬನ್ನಿ, ಚೀಲ ಮಾತ್ರ ಇಲ್ಲೇ ಇಡಿ ಎಂದರು. ಚೀಲದಲ್ಲಿ ನಮ್ಮ ಬುತ್ತಿ ಇತ್ತು: ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಮೇಲಿನ ಕಿಟಕಿಯಿಂದ ಹೊಳೆ ನೋಡಿ, ಕೆಳಗೆ ಬಂದು, ಅಂಗಳದ ಬೇವಿನ ಮರದ ಕೆಳಗೆ ಊಟ ಮಾಡುವುದೆಂದು ನಾನು ಲೆಕ್ಕ ಹಾಕಿದ್ದೆ.

ಕೆಳಗಿನ ಹಜಾರದಲ್ಲಿ ಸತ್ತವರ ನೆನಪಿಗೆ ನೆಡುವ ಮರದ ಕಂಬಗಳಿದ್ದವು. ಒಂದೊಂದರ ಮೇಲೂ ಕುದುರೆ ಸವಾರ, ಸೂರ್ಯ, ಚಂದ್ರ, ಕೈಕೈ ಹಿಡಿದ ಹೆಂಗಸರು. ಗೆದ್ದಲು ತಿಂದು ಕೆಲವರ ಮುಖ ಹೋಗಿತ್ತು. ಅವುಗಳಾಚೆ ನಾಲಗೆ ಚಾಚಿದ ಭೂತಗಳು, ಹುಲಿಯ ಮೇಲೆ ಕೂತವರು, ಹಂದಿಯ ಮುಖದವರು. ಎಲ್ಲ ಆಳೆತ್ತರ. ಅವ್ವನಿಗೆ ಅಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲವಾದ್ದರಿಂದ ಒಂದೊಂದರ ಹತ್ತಿರವೂ ಹೋಗಿ, ಮೂಗು ತಾಗುವಷ್ಟು ಸಮೀಪ ನಿಂತು ನೋಡುತ್ತಿದ್ದಳು.

"ಇವಕ್ಕ ಪೂಜಿ ಯಾರು ಮಾಡ್ತಾರ?" ಎಂದು ಕೇಳಿದಳು.

ಇಲ್ಲಿ ಪೂಜೆ ಇಲ್ಲ, ನೋಡಲಿಕ್ಕೆ ಇಟ್ಟಿದ್ದಾರೆ ಎಂದೆ. ಅವಳು ಸ್ವಲ್ಪ ಹಿಂದೆ ಸರಿದು ಸೆರಗು ಹೊದ್ದುಕೊಂಡಳು. "ಹಂಗಾರ ಹಸದಿರ್ತಾವು," ಎಂದಳು.

ಆ ಮಾತು ನನಗೆ ಹಿಡಿಸಲಿಲ್ಲ. ನಾನು ದೆವ್ವ ಭೂತ ನಂಬುವವಳಲ್ಲ. ಆದರೆ ಅಷ್ಟೂ ತೆರೆದ ಬಾಯಿಗಳ ನಡುವೆ ನಿಂತು ಆ ಮಾತು ಕೇಳಿದ ಮೇಲೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅವಳ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿದೆ.

ಮಹಡಿಯಲ್ಲಿ ಎರಡು ಕೋಣೆ. ಮೊದಲನೆಯದರಲ್ಲಿ ನದಿಯ ಕಡೆಗೆ ದೊಡ್ಡ ಕಿಟಕಿ; ಸರಳುಗಳಿರಲಿಲ್ಲ, ಬಾಗಿಲುಗಳನ್ನು ಹೊರಕ್ಕೆ ತೆರೆದಿಟ್ಟಿದ್ದರು. ಕಿಟಕಿಯ ಕೆಳಗೆ ನಾರಿನ ಚಾಪೆ ಹಾಸಿತ್ತು. ಎದುರು ಗೋಡೆಗೆ ಒಬ್ಬಳೇ ಒಬ್ಬಳು ಮರದ ಹೆಂಗಸು. ನಾಲಗೆ ಚಾಚಿರಲಿಲ್ಲ, ಆಯುಧವಿರಲಿಲ್ಲ. ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ನಿಂತಿದ್ದಳು. ಕೊರಳ ತುಂಬ ನಿಜವಾದ ಮಣಿಸರಗಳು, ಕವಡೆ, ತಾಮ್ರದ ಬಿಲ್ಲೆ, ಕಪ್ಪು ದಾರ, ಎದೆಯೇ ಕಾಣದಷ್ಟು. ಕಸ ಗುಡಿಸುವ ಹೆಂಗಸೊಬ್ಬಳು ಕೋಣೆಯ ಮೂಲೆಯಲ್ಲಿದ್ದಳು. ನಮ್ಮನ್ನು ಕಂಡು ಪೊರಕೆ ಬದಿಗಿಟ್ಟು ಜಾಗ ಬಿಟ್ಟಳು.

ಅವ್ವ ಕಿಟಕಿಗೆ ಹೋದಳು. ಇಳಿಜಾರಿನ ತಳದಲ್ಲಿ ವೃಷಭಾವತಿ ಇತ್ತು. ಬಿಸಿಲು ಇನ್ನೂ ಅಲ್ಲಿಗೆ ಇಳಿದಿರಲಿಲ್ಲ. ನೀರಿನ ಮೇಲೆ ಮಂಜು, ಮಂಜಿನ ಕೆಳಗೆ ಬಿಳಿ ನೊರೆಯ ಗುಡ್ಡೆಗಳು ನಿಧಾನವಾಗಿ ಸಾಗುತ್ತಿದ್ದವು. ಪೊರೆಯ ಕಣ್ಣಿಗೆ ಅದು ಏನಾಗಿ ಕಂಡಿತೋ ತಿಳಿಯದು.

"ಎಷ್ಟು ಬೆಳ್ಳಗೈತಿ," ಎಂದಳು. ಗಾಳಿ ಬೀಸಿ ವಾಸನೆ ಬಂತು. ಅವಳು ಹೇಳಿದಳು: "ಊರ ಹೊಲಸೆಲ್ಲ ಹೊತ್ತಗೊಂಡು ಹೊಂಟಾಳ. ಹೊಳಿ ಅಂದ್ರ ಹಂಗ."

ಆಮೇಲೆ ಅವಳು ಕರಡಿಗೆಯನ್ನು ಸೆರಗಿನೊಳಗಿಂದ ತೆಗೆದು ಎರಡೂ ಕಣ್ಣಿಗೆ ಒತ್ತಿಕೊಂಡಳು. ಇದನ್ನು ನಾನು ಕಂಡೆ. ಕಿಟಕಿಯ ಕಟ್ಟೆಯ ಮೇಲೆ ಬಾಗಿ ಹೊರಕ್ಕೆ ನೋಡಿದಳು. ಇದನ್ನೂ ಕಂಡೆ. ಕರಡಿಗೆ ವಾಪಸು ಸೆರಗಿನೊಳಗೆ ಹೋಯಿತೇ ಎಂಬುದನ್ನು ನಾನು ಕಾಣಲಿಲ್ಲ. ಆ ಹೊತ್ತಿಗೆ ನಾನು ಮರದ ಹೆಂಗಸಿನ ಕಡೆ ತಿರುಗಿದ್ದೆ.

*

ಎರಡನೆಯ ಕೋಣೆಯಲ್ಲಿ ಮುಖವಾಡಗಳಿದ್ದವು. ಅಲ್ಲಿ ನಾವು ಎಷ್ಟು ಹೊತ್ತು ಇದ್ದೆವೋ, ಅವ್ವ ಒಂದೊಂದನ್ನೂ ಹತ್ತಿರದಿಂದ ನೋಡುತ್ತಿದ್ದುದರಿಂದ ಬಹಳ ಹೊತ್ತೇ ಇರಬೇಕು. ಪಕ್ಕದ ಕೋಣೆಯಿಂದ ಪೊರಕೆಯ ಸದ್ದು ಬಂತು, ನಿಂತಿತು. ಸ್ವಲ್ಪ ಸಮಯದ ನಂತರ ಆ ಹೆಂಗಸು ಕೈಚೀಲ ಹಿಡಿದು ಗೇಟು ದಾಟಿ ಹೋಗುವುದು ಈ ಕೋಣೆಯ ಕಿಂಡಿಯಿಂದ ಕಂಡಿತು. ಅವ್ವ ಒಂದು ಮುಖವಾಡದ ಮುಂದೆ ನಿಂತು ಎದೆಯ ಮೇಲೆ ಕೈ ಇಟ್ಟಳು. ಕೈ ಅಲ್ಲೇ ನಿಂತಿತು. ಸೆರಗು ಸರಿಸಿ ಮುಟ್ಟಿ ನೋಡಿಕೊಂಡಳು. ರವಿಕೆಯೊಳಗೆ, ಸೊಂಟದ ನಿರಿಗೆಯಲ್ಲಿ.

"ಲಿಂಗ ಇಲ್ಲ," ಎಂದಳು.

ಆ ದನಿಯನ್ನು ಹೇಗೆ ಹೇಳಲಿ? ಒಲೆಯ ಮೇಲೆ ಹಾಲಿಟ್ಟಿದ್ದೇನೆ ನೋಡು ಎನ್ನುವ ದನಿಯಲ್ಲಿ ಹೇಳಿದಳು.

ಅವಳ ಸೀರೆ ಕೊಡವಿ ನೋಡಿದೆ. ಮುಖವಾಡದ ಕೋಣೆಯ ನೆಲವನ್ನೆಲ್ಲ ಕೈಯಾಡಿಸಿ ನೋಡಿದೆ. ಕಿಟಕಿಯ ಕೋಣೆಗೆ ಬಂದರೆ ನೆಲ ಆಗತಾನೆ ಗುಡಿಸಿದ್ದು, ಸ್ವಚ್ಛ. ಚಾಪೆ ಎತ್ತಿ ನೋಡಿದೆ. ಕೆಳಗೆ ಓಡಿ ಮೇಲ್ವಿಚಾರಕರಿಗೆ ಹೇಳಿದೆ. ಅವರು ನನ್ನ ಜೊತೆ ಬಂದು ಕಸದ ಬುಟ್ಟಿಯನ್ನು ಅಂಗಳದಲ್ಲಿ ಸುರಿದು ಕಡ್ಡಿಯಿಂದ ಬಿಡಿಸಿದರು. ಎಲೆ, ಧೂಳು, ಬಸ್ಸಿನ ಟಿಕೆಟ್ಟು. ಗುಡಿಸುವವಳು ನಂಬಿಕಸ್ತೆ, ಹನ್ನೆರಡು ವರ್ಷದಿಂದ ಇದ್ದಾಳೆ, ಸಿಕ್ಕಿದ್ದರೆ ಕೊಡದೆ ಹೋಗುವವಳಲ್ಲ ಎಂದರು. ಅವಳ ಮನೆ ಎಲ್ಲಿ ಎಂದು ಕೇಳಿದೆ. ಭಾನುವಾರ ಅವಳು ಇಲ್ಲಿಂದ ನೇರ ಮಗಳ ಮನೆಗೆ ಹೋಗುತ್ತಾಳೆ, ಅದು ಯಾವ ಕಡೆಯೋ ತಿಳಿಯದು ಎಂದರು.

ಉಳಿದದ್ದು ಕಿಟಕಿ. ಅವ್ವ ಬಾಗಿದ್ದನ್ನು ನಾನು ಕಂಡಿದ್ದೆನಲ್ಲ. ಕಿಟಕಿಯ ಕಟ್ಟೆಯ ಮೇಲೆ ಹೊಟ್ಟೆಯೂರಿ ಕೆಳಗೆ ನೋಡಿದೆ. ಗೋಡೆಯ ಬುಡದಿಂದಲೇ ಇಳಿಜಾರು. ಲಂಟಾನದ ಪೊದೆ, ಒಡೆದ ಇಟ್ಟಿಗೆ, ಪ್ಲಾಸ್ಟಿಕ್ಕು, ಆಮೇಲೆ ನೀರು. ಬೆಳ್ಳಿಯಂತೆ ಹೊಳೆಯುವ ವಸ್ತುಗಳು ಹತ್ತಾರು ಕಂಡವು. ಒಂದೊಂದನ್ನೂ ಕಂಡಾಗ ಎದೆ ಹಾರಿತು, ದಿಟ್ಟಿಸಿದರೆ ಗುಟ್ಕಾ ಪ್ಯಾಕೆಟ್ಟು, ನೊರೆಯ ತುಣುಕು. ಮೇಲ್ವಿಚಾರಕರು ಕೋಲು ಹಿಡಿದು ಇಳಿಜಾರಿಗೆ ಹೋದರು. ಅರ್ಧದಲ್ಲಿ ನಿಂತು ತಲೆಯೆತ್ತಿ ನನ್ನನ್ನು ನೋಡಿ, "ಇದ್ರಿಂದ ಕೆಳಕ್ಕೆ ಕಾಲಿಡಕ್ಕಾಗಲ್ಲ ಮೇಡಂ, ಕೆಸರು. ಉರುಳಿಕೊಂಡು ಹೋಗಿದ್ರೆ ನೀರಿಗೇ ಹೋಗಿರತ್ತೆ," ಎಂದರು.

ಅವರು ಹಾಗೆ ಹೇಳಬಾರದಿತ್ತು. ನನ್ನ ಹಿಂದೆ ಅವ್ವ ಕೇಳಿಸಿಕೊಂಡಿದ್ದಳು.

ಅವಳು ಕಿಟಕಿಯ ಕೆಳಗಿನ ಚಾಪೆಯ ಮೇಲೆ ಗೋಡೆಗೊರಗಿ ಕುಳಿತಿದ್ದಳು. ಹೊತ್ತು ನೆತ್ತಿಗೆ ಬಂದಿತ್ತು. ಮೇಲ್ವಿಚಾರಕರು ಬುತ್ತಿಯ ಚೀಲ ತಂದು ಕೊಟ್ಟರು. ಅವ್ವ, ಮೊದಲು ಎರಡು ತುತ್ತು ತಿನ್ನು, ಆಮೇಲೆ ಎಲ್ಲರೂ ಹುಡುಕೋಣ ಎಂದೆ. ಅವಳು ನನ್ನನ್ನು ಮಗುವನ್ನು ನೋಡುವಂತೆ ನೋಡಿದಳು. ಹೊಸ ಲಿಂಗ ಸಿಗುವುದಿಲ್ಲವೇ, ಬೆಂಗಳೂರಿನಲ್ಲಿ ಎಷ್ಟೊಂದು ಮಠಗಳಿವೆ ಎಂದು ಮೇಲ್ವಿಚಾರಕರು ಕೇಳಿದರು. ಅದು ಅಂಗಡಿಯ ಸಾಮಾನಲ್ಲ, ಗುರು ಕೊಡಬೇಕು, ನಮ್ಮ ಅಯ್ಯನವರು ಇರುವುದು ಒಂದು ರಾತ್ರಿಯ ಬಸ್ಸಿನ ದಾರಿಯಾಚೆ ಎಂದು ನಾನು ಹೇಳಿದೆ. ಹೇಳುತ್ತಿರುವಾಗಲೇ ನನಗೆ ತಿಳಿಯಿತು: ಈ ಮಧ್ಯಾಹ್ನವನ್ನೇ ಅವಳು ದಾಟುವುದಿಲ್ಲ.

ಆಟೋ ತಂದು ಆಸ್ಪತ್ರೆಗೆ ಒಯ್ಯೋಣವೆಂದರೆ ಅವಳು ಏಳಲೊಲ್ಲಳು. ಲಿಂಗ ಬಿದ್ದ ಜಾಗ ಬಿಟ್ಟು ಹೋಗುವುದಿಲ್ಲ. ಮೇಲ್ವಿಚಾರಕರು ತಮ್ಮ ಚಹಾದ ಸಕ್ಕರೆಯನ್ನು ಲೋಟದ ನೀರಿಗೆ ಹಾಕಿ ಕಲಕಿ ತಂದರು. "ನೀರು ಅಂತ ಕುಡಿಸ್ಬಿಡಿ," ಎಂದು ನನ್ನ ಕಿವಿಯಲ್ಲಿ ಹೇಳಿದರು. ನೀರೂ ಆಗದು ಎಂದೆ.

ಅವ್ವನ ಮೇಲ್ದುಟಿಯ ಮೇಲೆ ಬೆವರಿನ ಹನಿಗಳು ಮೂಡಿದವು. ಆ ಚಳಿಯಲ್ಲಿ. ಡಾಕ್ಟರು ಹೇಳಿದ್ದ ಮೊದಲ ಲಕ್ಷಣ ಅದು. ಬೆರಳು ನಡುಗುವುದು ಎರಡನೆಯದು, ಅದನ್ನೂ ಕಂಡೆ. ಮೂರನೆಯದು ಮಾತು ಅಡ್ಡಾದಿಡ್ಡಿಯಾಗುವುದು. ಆಗ ನಾನೊಂದು ಯೋಚನೆ ಮಾಡಿದೆ. ಅದನ್ನು ಇದ್ದಂತೆಯೇ ಹೇಳುತ್ತೇನೆ: ಇವಳಿಗೆ ಬೇಗ ಎಚ್ಚರ ತಪ್ಪಲಿ, ತಪ್ಪಿದ ಕೂಡಲೇ ಬಾಯಿ ಬಿಡಿಸಿ ಒಸಡಿಗೆ ಸಕ್ಕರೆ ತಿಕ್ಕಿಬಿಡುತ್ತೇನೆ. ಹೆತ್ತವಳು ಪ್ರಜ್ಞೆ ತಪ್ಪಲಿ ಎಂದು ಕಾಯುತ್ತ ನಾನು ಸಕ್ಕರೆ ನೀರಿನ ಲೋಟ ಹಿಡಿದು ಕುಳಿತಿದ್ದೆ.

ಅವಳಿಗೆ ಅದು ಹೇಗೆ ತಿಳಿಯಿತೋ. ನನ್ನ ಮಣಿಕಟ್ಟು ಹಿಡಿದಳು. ಅವಳ ಕೈ ಒದ್ದೆಯಾಗಿ ತಣ್ಣಗಿತ್ತು.

"ನನಗ ಎಚ್ಚರ ತಪ್ಪಿದ್ರ ಬಾಯಾಗ ಏನೂ ಹಾಕಬ್ಯಾಡ. ನನ್ನ ಆಣಿ ಐತಿ."

"ಅವ್ವ, ಹಂಗನಬ್ಯಾಡ."

"ನೀ ಹೂಂ ಅನ್ನು."

ನಾನು ಹೂಂ ಅನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ. ಅವಳು ಕೈ ಬಿಡಲಿಲ್ಲ. ಮೇಲ್ವಿಚಾರಕರು ಬಾಗಿಲಲ್ಲಿ ಮಂಕಿ ಕ್ಯಾಪ್ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ಕೆಳಗಿನ ಹಜಾರದಲ್ಲಿ ಬಾಯಿ ತೆರೆದು ನಿಂತವರೆಲ್ಲ ನನ್ನ ತಲೆಯೊಳಗೆ ಬಂದರು. ಹಸಿದಿರುತ್ತವೆ ಎಂದಿದ್ದಳಲ್ಲ. ಈಗ ಅವಳೂ ಹಸಿದು ಆ ಮನೆಯಲ್ಲಿ ಕುಳಿತಿದ್ದಳು.

ಅವ್ವನ ಹಿಡಿತ ಸಡಿಲವಾಯಿತು. ಕಣ್ಣು ನನ್ನ ಮೇಲಿಂದ ಜಾರಿ ನನ್ನ ಹಿಂದೆ ಎಲ್ಲೋ ಹೋಯಿತು. ನಾಲಗೆ ತೊದಲಿತು.

"ಯಾರಕಿ? ಅಕೀನೂ ನಮ್ಮಾಕೀನ... ಕೊಳ್ಳಾಗ ಲಿಂಗ ಐತಿ."

ಮೂರನೆಯ ಲಕ್ಷಣ ಎಂದುಕೊಂಡೆ. ಮಾತು ತಪ್ಪುತ್ತಿದೆ, ಮುಗಿಯಿತು. ಹೌದವ್ವ, ಹೌದು ಎಂದೆ. ಅವಳು ಮತ್ತೆ ಅದನ್ನೇ ಹೇಳಿದಳು, ಗದ್ದದಿಂದ ತೋರಿಸಿ. ಆಗ ನಾನು ತಿರುಗಿ ನೋಡಿದೆ.

ಬಿಸಿಲು ಕಿಟಕಿಯಿಂದ ಬಂದು ಎದುರು ಗೋಡೆಯ ಮರದ ಹೆಂಗಸಿನ ಎದೆಯ ಮೇಲೆ ಬಿದ್ದಿತ್ತು. ಮಣಿ, ಕವಡೆ, ತಾಮ್ರದ ಬಿಲ್ಲೆಗಳ ನಡುವೆ ಒಂದು ಹೊಳಪು. ಅದರ ಮೇಲೆ ಬಿಳಿಯ ನೂಲು. ನಾವು ಆ ಕೋಣೆಯ ನೆಲವನ್ನು ಎಷ್ಟು ಸಲ ಹುಡುಕಿದ್ದೆವು! ಒಬ್ಬರೂ ತಲೆಯೆತ್ತಿ ಅವಳನ್ನು ನೋಡಿರಲಿಲ್ಲ.

"ಅಯ್ಯೋ ಶಿವನೇ," ಎಂದರು ಮೇಲ್ವಿಚಾರಕರು. ಆಮೇಲೆ ಅವರು ಹೇಳಿದ್ದು ಇಷ್ಟು: ಆ ಗೊಂಬೆಯ ಸರಗಳು ಹಳೆಯವು, ದಾರ ಕೊಳೆತು ಆಗಾಗ ಕಳಚಿ ಬೀಳುತ್ತವೆ. ಕೆಳಗೆ ಮಣಿ ಬಿದ್ದಿದ್ದರೆ, ಬಿಲ್ಲೆ ಬಿದ್ದಿದ್ದರೆ, ಗುಡಿಸುವವಳು ಎತ್ತಿ ಗೊಂಬೆಯ ಕೊರಳಿಗೇ ಕಟ್ಟಿ, ಕೈಮುಗಿದು ಹೋಗುತ್ತಾಳೆ. ಅವಳದ್ದು ಅವಳಿಗೆ ಎನ್ನುತ್ತಾಳೆ. ಚಾಪೆಯ ಮೇಲೆ ಬಿದ್ದ ಕರಡಿಗೆಯೂ ಗುಡಿಸುವವಳ ಕಣ್ಣಿಗೆ ಹಾಗೆಯೇ ಕಂಡಿರಬೇಕು.

ಬಿಚ್ಚಲು ಹೋದರೆ ಗಂಟು ಬರಲಿಲ್ಲ. ಅವ್ವ ಕಟ್ಟಿದಂಥ ಗಂಟಲ್ಲ ಅದು. ಎರಡು ಸುತ್ತು ಹಾಕಿ, ತುದಿಗಳನ್ನು ಒಳಕ್ಕೆ ತೂರಿಸಿ ಎಳೆದದ್ದು. ಉಗುರು ಹಾಕಿದೆ, ಹಲ್ಲು ಹಾಕಿದೆ. ಹಲ್ಲು ಹಾಕುವಾಗ ನನ್ನ ಮುಖ ಆ ಮರದ ಕೊರಳಿಗೆ ತಾಗಿತು. ಎಣ್ಣೆಯ, ಹಳೆಯ ಹೊಗೆಯ ವಾಸನೆ. ನನ್ನ ಬೆನ್ನ ಹಿಂದೆ ಅವ್ವನ ಉಸಿರು ಗೊರಗೊರ ಎನ್ನುತ್ತಿತ್ತು. ಕತ್ತರಿಸಿಬಿಡಿ ಎಂದು ಮೇಲ್ವಿಚಾರಕರು ಬ್ಲೇಡು ಹುಡುಕಲು ಹೋದರು. ಅವರು ಬರುವಷ್ಟರಲ್ಲಿ ಒಂದು ಎಳೆ ಸಡಿಲಿತು.

ಕರಡಿಗೆ ಕೈಗೆ ಬಂದಾಗ ಹೊಸ ಹೆದರಿಕೆ ಹುಟ್ಟಿತು. ಈ ಗೊಂಬೆ ಯಾರದೋ ಬೆಟ್ಟದ ಜನರ ದೇವತೆ. ಅವಳ ಮುಂದೆ ಕೋಳಿ ಕೊಯ್ದಿರಬಹುದು, ಹೆಂಡ ಎರೆದಿರಬಹುದು. ಅವ್ವ ಮಾಂಸ ಬೇಯಿಸಿದ ಮನೆಯಲ್ಲಿ ನೀರು ಕುಡಿಯದವಳು. ಇದು ಗೊಂಬೆಯ ಕೊರಳಿಂದ ಬಂದದ್ದು ಎಂದು ತಿಳಿದರೆ, ಅಯ್ಯನವರು ಶುದ್ಧಿ ಮಾಡುವ ತನಕ ಮುಟ್ಟುವುದಿಲ್ಲ ಎಂದರೆ? ಚಾಪೆಯ ಕೆಳಗೆ ಸಿಕ್ಕಿತು ಎಂದುಬಿಡಲೇ ಎಂದು ಯೋಚಿಸಿದೆ. ಆದರೆ ಅವಳೇ ನೋಡಿದ್ದಳು, ನನಗಿಂತ ಮೊದಲು.

ನನ್ನ ದುಪಟ್ಟಾದಲ್ಲಿ ಹಿಡಿದು ಅವಳ ಅಂಗೈಯಲ್ಲಿಟ್ಟೆ. ಬೆರಳುಗಳು ತಾವಾಗಿ ಮುಚ್ಚಿದವು. ಕರಡಿಗೆಯ ಬದಿಗೆ ಮೊದಲಿಂದ ಇದ್ದ ತಗ್ಗನ್ನು ಹೆಬ್ಬೆರಳಿನಿಂದ ಸವರಿ, ತನ್ನದೇ ಎಂದು ತಿಳಿದುಕೊಂಡಳು.

"ಅಕಿ ಕೊಳ್ಳಾಗ ಇತ್ತು," ಎಂದಳು.

ಹೌದು ಎಂದೆ. ಮುಂದೇನು ಹೇಳುತ್ತಾಳೋ ಎಂದು ಅವಳ ತುಟಿಯನ್ನೇ ನೋಡಿದೆ.

"ಹೊಳಿಗೆ ಬೀಳಲಾರದಂಗ ಹಿಡಕೊಂಡಾಳ," ಎಂದಳು. "ನೀರು ಕೊಡು."

ಚೀಲದ ಬಾಟಲಿ ಕೊಟ್ಟರೆ ಕುಡಿಯಲು ಅಲ್ಲ. ಕೈ ತೊಳೆದಳು, ಕರಡಿಗೆ ತೊಳೆದಳು. ಬುತ್ತಿಯ ಚೀಲದಲ್ಲಿ ಅವಳ ವಿಭೂತಿ ಗಟ್ಟಿ ಇತ್ತು. ಹಣೆಗೆ ಹಚ್ಚಲು ಹೋಗಿ ಹುಬ್ಬಿಗೆ ಹಚ್ಚಿಕೊಂಡಳು. ಕರಡಿಗೆ ತೆರೆದಳು. ಕಪ್ಪು ಲಿಂಗ ಹಾಗೆಯೇ ಇತ್ತು. ಪೂಜೆ ಮಾಡದೆ ಬಾಯಿಗೆ ಏನೂ ಇಲ್ಲ. ಅದನ್ನು ಹೇಳುವ ತ್ರಾಣವೂ ಇಲ್ಲದೆ ಕಣ್ಣಿನಲ್ಲೇ ಹೇಳಿದಳು. ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡರೆ ಕೈ ಗಡಗಡ ನಡುಗಿ ಲಿಂಗ ಉರುಳಿ ಬೀಳುವಂತಾಯಿತು. ನಾನು ಎರಡೂ ಕೈ ಚಾಚಿ ಅವಳ ಕೈಯನ್ನು ಕೆಳಗಿನಿಂದ ಹಿಡಿದೆ. ಮುಟ್ಟಬೇಡ ಎನ್ನುತ್ತಾಳೆ ಎಂದು ಕಾದೆ. ಅನ್ನಲಿಲ್ಲ.

ಲಿಂಗಕ್ಕೆ ಎರೆಯಲು ಬಾಟಲಿಯಲ್ಲಿ ನೀರು ಉಳಿದಿರಲಿಲ್ಲ. ಹತ್ತಿರವಿದ್ದದ್ದು ಆ ಲೋಟ.

"ಅವ್ವ, ಇದಕ ಸಕ್ರಿ ಹಾಕ್ಯಾರ," ಎಂದೆ. ಮುಚ್ಚಿಡುವ ಧೈರ್ಯ ನನಗಿರಲಿಲ್ಲ.

ಅವಳ ತುಟಿಯ ಒಂದು ಮೂಲೆ ಮೇಲಕ್ಕೆ ಹೋಯಿತು. "ಪಂಚಾಮೃತದಾಗ ಸಕ್ರಿ ಇರೂದಿಲ್ಲೇನು? ಎರಿ."

ಎರೆದೆ. ನೀರು ಅವಳ ಅಂಗೈಯಲ್ಲಿ ನಿಂತು, ಬೆರಳ ಸಂದಿಯಿಂದ ನನ್ನ ಅಂಗೈಗೆ ಇಳಿಯಿತು. ಅವಳು ಮಂತ್ರ ಹೇಳುತ್ತಿದ್ದಳು. ಮಂತ್ರದ ಒಂದು ಮಾತನ್ನೂ ಬಿಡಲಿಲ್ಲ. ತೊದಲಿದ ಕಡೆ ಮತ್ತೆ ಮೊದಲಿನಿಂದ ಹೇಳಿದಳು. ಆ ದಿನದಲ್ಲಿ ನಾನು ಅತಿ ಹೆಚ್ಚು ಹೆದರಿದ್ದು ಆಗಲೇ. ಹುಡುಕುವಾಗ ಮಾಡಲು ಕೆಲಸವಿತ್ತು. ಈಗ ಅಲುಗದೆ ಕೂತು, ಅವಳ ಕೈ ಭಾರವಾಗುತ್ತಿರುವುದನ್ನು, ತಲೆ ಎದೆಯ ಕಡೆ ವಾಲುತ್ತಿರುವುದನ್ನು ನೋಡುವುದಷ್ಟೇ. ಅವ್ವ, ಸಾಕು ಮಾಡು ಎಂದು ಒಳಗೇ ಕೂಗುತ್ತಿದ್ದೆ. ಎದುರಿಗೆ ಆ ಮರದ ಹೆಂಗಸು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

ಕೊನೆಗೆ ಅವಳು ಅಂಗೈಯನ್ನು ಬಾಯಿಗೆ ತಂದು ಪಾದೋದಕ ತೆಗೆದುಕೊಂಡಳು. ಮತ್ತೆ ಎರಿ ಎಂದಳು. ಮತ್ತೆ ತೆಗೆದುಕೊಂಡಳು. ಲೋಟ ಮುಗಿಯಿತು. ಮೇಲ್ವಿಚಾರಕರು ಇನ್ನೊಂದು ಲೋಟ ತಂದರು, ಇದರಲ್ಲಿ ಸಕ್ಕರೆ ಕರಗದೆ ತಳದಲ್ಲಿ ನಿಂತಿತ್ತು. ಅದನ್ನೂ ಕುಡಿದಳು. ಬೆವರು ಆರುವ ತನಕ, ಮಾತು ನೇರವಾಗುವ ತನಕ ನಾನು ಅವಳ ಕೈ ಬಿಡಲಿಲ್ಲ. ನೇರವಾದ ಮೇಲೆ ಅವಳ ಮೊದಲ ಮಾತು, ರೊಟ್ಟಿ ಸೆಟೆದಿರಬೇಕು, ಮೊಸರು ತಗಿ ಎಂಬುದು. ಆ ಕೋಣೆಯಲ್ಲೇ ಉಂಡಳು. ಮೇಲ್ವಿಚಾರಕರಿಗೂ ಒಂದು ರೊಟ್ಟಿ ಕೊಡಿಸಿದಳು. ಅವರು ಚಟ್ನಿ ಬಾಯಿಗಿಟ್ಟು ಕಣ್ಣಲ್ಲಿ ನೀರು ತಂದುಕೊಂಡು, "ಅಮ್ಮ, ಇಷ್ಟು ಖಾರ ತಿಂದು ನೀವು ಸಕ್ಕರೆ ಕಾಯಿಲೆ ಅಂತೀರಲ್ಲ," ಎಂದಾಗ ಅವ್ವ ನಕ್ಕಳು. ನಾನು ನಗಲು ಹೋದರೆ ಹಲ್ಲು ಕಟಕಟ ಕಡಿಯಿತು. ಮೊದಲ ತುತ್ತಿಗೆ ಮುಂಚೆ ಅವಳು ಒಂದು ಚೂರು ರೊಟ್ಟಿಯನ್ನು ಮುರಿದು ಮರದ ಹೆಂಗಸಿನ ಪಾದದ ಬಳಿ ಇಟ್ಟಿದ್ದಳು. ವಸ್ತುಗಳನ್ನು ಮುಟ್ಟಬಾರದು ಎಂಬ ಫಲಕ ಪಕ್ಕದಲ್ಲೇ ಇತ್ತು. ಮೇಲ್ವಿಚಾರಕರು ಫಲಕಕ್ಕೆ ಬೆನ್ನು ಹಾಕಿ ಕುಳಿತಿದ್ದರು.

ಏಳುವ ಮೊದಲು ಅವಳು ಶಿವದಾರದ ಎರಡು ತುದಿಗಳನ್ನು ಕತ್ತಿನ ಹಿಂದಕ್ಕೆ ಒಯ್ದು, ತಡವರಿಸಿ, ಕೈ ಕೆಳಗಿಳಿಸಿದಳು.

"ನೀ ಕಟ್ಟು," ಎಂದಳು. "ನನಗ ಕಾಣಂಗಿಲ್ಲ."

ನಾನು ಕಟ್ಟಿದೆ. ಹಲ್ಲಿನಿಂದ ಬಿಚ್ಚಿದ್ದ ಆ ಗಂಟನ್ನು ನೆನಪು ಮಾಡಿಕೊಂಡು ಹಾಗೆಯೇ: ಎರಡು ಸುತ್ತು, ತುದಿ ಒಳಕ್ಕೆ, ಎಳೆದು ಬಿಗಿ. ಅವಳ ಕತ್ತಿನ ಚರ್ಮ ಬೆಚ್ಚಗಾಗಿತ್ತು. ಕಿಟಕಿಯ ಮುಂದಿನಿಂದ ಹಾದು ಹೋಗುವಾಗ ನಾನು ನದಿಯ ಕಡೆಗೆ ನಿಂತು ಅವಳನ್ನು ಗೋಡೆಯ ಕಡೆಯಿಂದ ದಾಟಿಸಿದೆ.

ಮುಂದಿನ ವಾರ ಆಪರೇಷನ್ ಕೋಣೆಯ ಬಾಗಿಲಲ್ಲಿ ನರ್ಸು ಮತ್ತೆ ಅದೇ ಮಾತು ಹೇಳಿದಳು, ಕೊರಳಲ್ಲಿರುವುದನ್ನು ತೆಗೆಯಿರಿ ಅಜ್ಜಿ ಎಂದು. ಅವ್ವ ಕದಲಲಿಲ್ಲ. "ನನ ಮಗಳು ಕಟ್ಯಾಳ. ಬಿಚ್ಚಾಕ ಬರಂಗಿಲ್ಲ." ನರ್ಸು ನನ್ನ ಮುಖ ನೋಡಿದಳು, ಆಮೇಲೆ ಕರಡಿಗೆಯನ್ನು ಭುಜದ ಹಿಂದಕ್ಕೆ ಸರಿಸಿ, ಹತ್ತಿಯಿಟ್ಟು ಪ್ಲಾಸ್ಟರ್ ಅಂಟಿಸಿ ಒಳಗೆ ಕರೆದೊಯ್ದಳು. ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನ ಮೇಲೆ ಕುಳಿತು ನಾನು ದುಪಟ್ಟಾದ ತುದಿಯನ್ನು ಕೈಗೆ ತೆಗೆದುಕೊಂಡು ಆ ಗಂಟನ್ನು ಹಾಕಿ ನೋಡಿದೆ. ಎರಡನೆಯ ಸುತ್ತನ್ನು ಮೇಲಿಂದ ತಂದಿದ್ದೆನೋ ಕೆಳಗಿನಿಂದ ತಂದಿದ್ದೆನೋ ನೆನಪಾಗಲಿಲ್ಲ. ಬಿಚ್ಚಿದೆ, ಮತ್ತೆ ಕಟ್ಟಿದೆ. ಬಾಗಿಲು ತೆರೆಯುವ ತನಕ ಅದನ್ನೇ ಮಾಡುತ್ತಿದ್ದೆ.